ಸಾವಕಾಶ ಸಾಹೇಬರು

ಕಳೆದ ತಿಂಗಳು ಹಳದೀಪುರದಲ್ಲಿ ಅವರ ಸಂತಾಪ ಸಭೆ ನಡೆಯಿತು. ರಜೆಯ ಮೇಲೆ ಊರಿಗೆ ಬಂದಿದ್ದ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಮೊದಲು ಮಾತಾಡಿದವರು ಅವರನ್ನು ಕೊಲ್ಲಿಯ ಮರುಭೂಮಿಯಲ್ಲಿ ತೈಲ ಕಂಡುಹಿಡಿದ ಕನ್ನಡಿಗ ಎಂದರು. ಎರಡನೆಯವರು, ಕಂಡುಹಿಡಿದದ್ದಷ್ಟೇ ಅಲ್ಲ, ಬಾವಿಯನ್ನೂ ಅವರೇ ಕೊರೆಸಿದರು ಎಂದರು. ಮೂರನೆಯವರು ಎದ್ದು ನಿಲ್ಲುವ ಹೊತ್ತಿಗೆ ಅಲ್ಲಿಯ ದೊರೆಯೇ ಅವರ ಹೆಗಲ ಮೇಲೆ ಕೈಯಿಟ್ಟು ಸಲಹೆ ಕೇಳುತ್ತಿದ್ದ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆ ಮನುಷ್ಯ ಜೀವಮಾನದಲ್ಲಿ ಒಂದು ಹನಿ ತೈಲವನ್ನೂ ಕಂಡುಹಿಡಿದವರಲ್ಲ. ನೆಲದೊಳಗೆ ನೀರು ತುಂಬುವುದು ಅವರ ಉದ್ಯೋಗವಾಗಿತ್ತು. ಬೇರೆಯವರು ಹೀರಿ ಬಿಟ್ಟ ಮುದಿ ತೈಲಬಾವಿಗಳ ಸುತ್ತ ನೀರು ಒತ್ತಿ, ಒಳಗೆ ಉಳಿದದ್ದನ್ನು ಮೇಲೆ ಬರಿಸುವ ಕೆಲಸ. ಇದನ್ನು ಅಲ್ಲಿ ಎದ್ದು ಹೇಳಿದ್ದರೆ, ಇವರೇನು ನಲ್ಲಿ ರಿಪೇರಿ ಮಾಡುತ್ತಿದ್ದರೋ ಎಂದು ಜನ ಕೇಳುತ್ತಿದ್ದರು. ಸುಮ್ಮನೆ ಎದ್ದು ಬಂದೆ. ಸುಳ್ಳು ಹೊಗಳಿಕೆ ಕೇಳಿ ಬಂದ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕಾರಣ ಸರಳ. ನಾನು ಈಗಲೂ ಅದೇ ಕಂಪನಿಯಲ್ಲಿ, ಅದೇ ಪಂಪ್‌ಹೌಸಿನಲ್ಲಿ ದುಡಿಯುತ್ತೇನೆ, ಮತ್ತು ನನಗೆ ಕೆಲಸ ಬೇಕು. ಆದರೆ ಹೆಸರು ಬಿಟ್ಟದ್ದು ಅವರಿಗೆ ಗೊತ್ತಾಗಿದ್ದರೆ ನನ್ನನ್ನು ಜಾಡಿಸಿಬಿಡುತ್ತಿದ್ದರು. ತನ್ನ ಹೆಸರಿನ ಮೇಲೆ ಅಷ್ಟು ಪ್ರೀತಿ ಇದ್ದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಹೆಲ್ಮೆಟ್ಟಿನ ಮೇಲೆ, ಕುರ್ಚಿಯ ಬೆನ್ನಿಗೆ, ಚಹಾದ ಕಪ್ಪಿನ ತಳಕ್ಕೆ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಗೆ, ಎಲ್ಲ ಕಡೆ ಬಿಳಿ ಪೇಂಟಿನಲ್ಲಿ ಪೂರ್ತಿ ಹೆಸರು, ಊರು, ಮನೆತನ. ಒಂದು ಸಲ ಮುಖ್ಯ ಪಂಪಿನ ಮೇಲೂ ಬರೆಸಿದರು. ಕಂಪನಿಯವರು ಅಳಿಸಿದರು. ಇವರು ಮತ್ತೆ ಬರೆಸಿದರು. ಆಮೇಲೆ ಕಂಪನಿಯವರಿಗೇ ಬೇಜಾರು ಬಂದು ಬಿಟ್ಟರು. ಯಾರಾದರೂ ಅವರ ಉಪಾಯವೊಂದನ್ನು ತಮ್ಮದೆಂದು ಸಭೆಯಲ್ಲಿ ಹೇಳಿದರೆ ಮುಗಿಯಿತು. ಮೂರು ವರ್ಷದ ಹಿಂದಿನ ಚಹಾದ ಹೊತ್ತಿನಲ್ಲಿ, ಯಾರ ಎದುರಿಗೆ, ಎಲ್ಲಿ ನಿಂತು ತಾನು ಆ ಮಾತು ಹೇಳಿದ್ದೆ ಎಂದು ಸಾಕ್ಷಿಸಮೇತ ಸಾಬೀತು ಮಾಡುವ ತನಕ ಅವರು ಕೂರುತ್ತಿರಲಿಲ್ಲ.

ಅವರದು ಹೊನ್ನಾವರದ ಮೇಲಿನ ತೋಟದ ಕುಳಗಳ ಮನೆತನ. ನಾನು ಅಘನಾಶಿನಿಯ ದಂಡೆಯವನು, ನಮ್ಮ ಮನೆಯಲ್ಲಿ ಹೊಳೆಯಿಂದ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕಿ ಮಾರುತ್ತಿದ್ದರು. ಊರಲ್ಲಿದ್ದಿದ್ದರೆ ನಾವಿಬ್ಬರು ಒಂದು ಬೆಂಚಿನ ಮೇಲೆ ಕೂತು ಚಹಾ ಕುಡಿಯುವ ಸಂಭವ ಕಡಿಮೆ ಇತ್ತು. ಮರುಭೂಮಿ ನಮ್ಮನ್ನು ನೆರೆಹೊರೆ ಮಾಡಿತು. ಆ ಫೀಲ್ಡಿನಲ್ಲಿ ಭಟ್ಕಳ, ಹೊನ್ನಾವರ, ಕುಮಟಾದವರದೇ ಒಂದು ದಂಡು ಇತ್ತು. ಒಬ್ಬ ಹೋದವನು ತಮ್ಮನನ್ನು ಕರೆಸಿದ, ತಮ್ಮ ಭಾವನನ್ನು ಕರೆಸಿದ, ಹಾಗೇ ಬೆಳೆದ ದಂಡು. ಸ್ಟೋರ್ ನೋಡಿಕೊಳ್ಳುತ್ತಿದ್ದ ಭಟ್ಕಳದ ಇಕ್ಬಾಲ್ ಭಾಯಿ ನಮ್ಮೆಲ್ಲರ ಹಿರಿಯ. ನೀರಿನ ವಿಭಾಗಕ್ಕೆಲ್ಲ ಇವರು ಸಾಹೇಬರು. ಬಾಯಿ ತೆಗೆದರೆ 'ಸಾವಕಾಶ' ಎನ್ನುತ್ತಿದ್ದುದರಿಂದ ಸಾವಕಾಶ ಸಾಹೇಬರೆಂದೇ ಹೆಸರಾಯಿತು. ಅದೊಂದು ಹೆಸರನ್ನು ಮಾತ್ರ ಅವರು ಎಲ್ಲಿಯೂ ಬರೆಸಲಿಲ್ಲ.

ಅವರ ಕೆಲಸ ಏನೆಂದು ನನಗೆ ತಿಳಿಸಿದ್ದು ಅವರೇ, ಸೇರಿದ ಮೊದಲ ವಾರ. ತೈಲವೆಂದರೆ ನೆಲದಡಿ ಕೆರೆಯ ಹಾಗೆ ನಿಂತಿರುತ್ತದೆ ಎಂದುಕೊಂಡಿದ್ದೆ.

"ಕೆರೆ ಅಲ್ಲ ಮಾರಾಯ," ಎಂದರು. "ನಮ್ಮೂರ ಚಿರೆಕಲ್ಲು ನೋಡಿದ್ಯಲ್ಲ, ಮಳೆಗಾಲದಲ್ಲಿ ನೀರು ಕುಡ್ದು ಕೂತಿರ್ತದೆ. ಹಾಗೇ ಈ ಕಲ್ಲು ಎಣ್ಣೆ ಕುಡ್ದು ಕೂತದೆ. ಪ್ರಾಯದಲ್ಲಿ ತಂತಾನೇ ಚಿಮ್ತದೆ. ವಯಸ್ಸಾದ ಮೇಲೆ ಒಳಗಿನ ಒತ್ತಡ ಹೋಗ್ತದೆ, ಅರ್ಧಕ್ಕರ್ಧ ಎಣ್ಣೆ ಕಲ್ಲೊಳಗೇ ಉಳೀತದೆ. ಆಗ ನಾವು ಬದಿಯಿಂದ ನೀರು ಕೊಡೂದು. ನೀರು ಕಲ್ಲೊಳಗೆ ಹೋಗಿ ಎಣ್ಣೆಗೆ, ಸ್ವಲ್ಪ ಆಚೆ ಸರಿ, ನಾನು ಕೂತ್ಕಣ್ತೆ ಅಂತದೆ. ಎಣ್ಣೆ ಸರೀತಾ ಸರೀತಾ ಬಾವಿಗೆ ಬರ್ತದೆ."

"ಜೋರಾಗಿ ಒತ್ತಿದ್ರೆ ಬೇಗ ಬರೂದಿಲ್ವಾ ಸರ್?"

ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. "ಜೋರಾಗಿ ಒತ್ತಿದ್ರೆ ನೀರು ಕಲ್ಲೊಳಗೆ ಎಂತಕ್ಕೆ ಹೋಗ್ತದೆ? ಬಿರುಕು ಹುಡ್ಕಂಡು ಸೀದಾ ಬಾವಿಗೇ ಓಡ್ತದೆ. ಎಣ್ಣೆ ಇದ್ದಲ್ಲೇ ಇರ್ತದೆ. ಒಂದ್ಸಲ ಆ ದಾರಿ ಬಿತ್ತು ಅಂದ್ರೆ ಆ ಬಾವಿ ಮುಗೀತು. ಸಾವಕಾಶ ಮಾಡೂದು ಕಲಿ."

ಈ ಪಾಠವನ್ನು ಅವರು ದಿನಕ್ಕೊಮ್ಮೆ ಊಟದಲ್ಲಿ ಪ್ರಯೋಗ ಸಹಿತ ಮಾಡುತ್ತಿದ್ದರು. ಅನ್ನದ ರಾಶಿಯ ಒಂದು ಬದಿಗೆ ಸಾರು ಹಾಕುವುದು, ಅದು ಅನ್ನದೊಳಗೆ ಇಳಿದು ಇನ್ನೊಂದು ಬದಿಯಲ್ಲಿ ಒದ್ದೆ ಕಾಣುವ ತನಕ ಕಾಯುವುದು, ಆಮೇಲೆ ಇನ್ನೊಂದು ಸೌಟು. ಅಷ್ಟರಲ್ಲಿ ಉಳಿದವರ ಊಟ ಮುಗಿದು ಕೈ ತೊಳೆದಿರುತ್ತಿತ್ತು. ಒಂದು ವರ್ಷ ಚೌತಿಯ ಊಟಕ್ಕೆ ಹೆಡ್ಡಾಫೀಸಿನ ವೈಸ್ ಪ್ರೆಸಿಡೆಂಟರೂ ಬಂದಿದ್ದರು. ಇಕ್ಬಾಲ್ ಭಾಯಿ ಎಲ್ಲಿಂದಲೋ ಬಾಳೆ ಎಲೆ ತರಿಸಿದ್ದರು. ಸಾಹೇಬರಿಗೆ ಅವಕಾಶ ಸಿಕ್ಕಂತಾಯಿತು. ಆ ದೊಡ್ಡವರ ಎಲೆಯ ಮೇಲೆ ತಾವೇ ಅನ್ನದ ಕಟ್ಟೆ ಕಟ್ಟಿ, ಇದು ನಮ್ಮ ಫೀಲ್ಡು, ಈ ಬದಿಯಿಂದ ನಿಧಾನವಾಗಿ ಸಾರು ಬಿಡಿ ಎಂದರು. ದೊಡ್ಡವರು ಎಲ್ಲವನ್ನೂ ಮೂರು ತಿಂಗಳಲ್ಲಿ ಮುಗಿಸಿ ಅಭ್ಯಾಸವಿದ್ದವರು. ಇಡೀ ಬಟ್ಟಲು ಒಮ್ಮೆಲೇ ಸುರಿದರು. ಸಾರು ಅನ್ನವನ್ನು ಸೀಳಿಕೊಂಡು ಎಲೆಯ ಅಂಚು ದಾಟಿ ಅವರ ಮಡಿಲಿಗೆ ಹರಿಯಿತು. ಅವರು ಎದ್ದು ಕುಣಿಯುತ್ತಿದ್ದರೆ ನಮ್ಮ ಸಾಹೇಬರು ಎಲೆಯತ್ತ ಬೆರಳು ತೋರಿಸಿ, "ನೋಡಿ, ಅನ್ನ ಒದ್ದೆಯಾಗದೆ ಹಾಗೇ ಉಳಿದಿದೆ" ಎಂದು ಬಹಳ ಸಂತೋಷದಿಂದ ವಿವರಿಸಿದರು. ಸಾರು ಬಿಸಿ ಇರುತ್ತದೆ ಎಂಬುದೊಂದನ್ನೇ ಹೆಡ್ಡಾಫೀಸು ಆ ಪಾಠದಿಂದ ಕಲಿತದ್ದು.

ಏಕೆಂದರೆ ಮರುವರ್ಷದಿಂದ ಪಂಪು ಜೋರು ಮಾಡುವ ಆದೇಶ ಬರಲು ಶುರುವಾಯಿತು. ಮಾಡಿದೆವು. ಸಾಹೇಬರು ಬೈಯುತ್ತಾ ಮಾಡಿದರು. ಬಾವಿಗಳಿಂದ ಭರಭರ ಬಂತು, ಬಹುಪಾಲು ನಾವೇ ಹಾಕಿದ ನೀರು. ತೈಲ ಇಳಿಯುತ್ತ ಹೋಯಿತು. ಹೆಡ್ಡಾಫೀಸಿನವರೇನು ಕಡಿಮೆಯೇ? ತೈಲದ ಲೆಕ್ಕ ಹೇಳುವುದನ್ನು ಬಿಟ್ಟು 'ಒಟ್ಟು ದ್ರವ ಉತ್ಪಾದನೆ' ಎಂದು ಹೇಳಲು ಶುರುಮಾಡಿದರು. ಗ್ರಾಫಿನಲ್ಲಿ ಆ ಗೆರೆ ಮೇಲೆ ಮೇಲೆ ಹೋಗುತ್ತಿತ್ತು. ದಾಖಲೆ ಮುರಿಯಿತೆಂದು ಒಂದು ದಿನ ಎಲ್ಲರಿಗೂ ಸಿಹಿ ಹಂಚಿಸಿದರು.

"ನೀರಿಗೆ ಮಿಠಾಯಿ ಹಂಚೂದು ನಾನು ಇದೇ ಮೊದಲು ನೋಡಿದ್ದು ಸಾಬ್," ಎಂದರು ಇಕ್ಬಾಲ್ ಭಾಯಿ, ಪೆಟ್ಟಿಗೆ ಹಿಡಿದುಕೊಂಡು.

ಸಾಹೇಬರು ಎರಡು ಲಾಡು ತೆಗೆದುಕೊಂಡರು, ಸಿಹಿಯ ವಿಷಯದಲ್ಲಿ ಅವರಿಗೆ ಸಿದ್ಧಾಂತ ಇರಲಿಲ್ಲ. ತಿನ್ನುತ್ತಾ ಹೇಳಿದರು, "ನೀರು ಹಾಕಿ ನೀರು ತೆಗೀಲಿಕ್ಕೆ ಇಷ್ಟು ದೊಡ್ಡ ಕಂಪನಿ ಎಂತಕ್ಕೆ ಭಾಯಿ? ನಮ್ಮೂರ ಒಂದು ಪಂಪ್‌ಸೆಟ್ ಸಾಕಿತ್ತು."

ಲಾಡು ತಿಂದ ಕೆಲವೇ ವಾರಗಳಲ್ಲಿ ನಿಜವಾದ ಸುದ್ದಿ ಬಂತು. ಈ ಫೀಲ್ಡು ಲಾಭಕ್ಕೆ ಬರುವುದಿಲ್ಲ, ವರ್ಷದೊಳಗೆ ತೈಲ ಏರದಿದ್ದರೆ ಬೀಗ ಹಾಕುತ್ತಾರೆ. ಅಂದರೆ ನಮ್ಮ ದಂಡು ಪೂರ್ತಿ ಊರಿಗೆ. ನನ್ನ ತಂಗಿಯ ಮದುವೆ ನಿಶ್ಚಯವಾಗಿತ್ತು. ಇಕ್ಬಾಲ್ ಭಾಯಿಯ ಮಗ ಮಂಗಳೂರಲ್ಲಿ ಡಾಕ್ಟರಿಕೆ ಓದುತ್ತಿದ್ದ. ಐವತ್ತು ದಾಟಿದವರಿಗೆ ಇನ್ನೊಂದು ಕಡೆ ಯಾರೂ ಕೆಲಸ ಕೊಡುವುದಿಲ್ಲ. ಕ್ಯಾಂಪಿನಲ್ಲಿ ಇಸ್ಪೀಟು ನಿಂತುಹೋಯಿತು, ಅದು ನಮ್ಮಲ್ಲಿ ಸೂತಕದ ಲಕ್ಷಣ.

ಅವತ್ತು ಸಂಜೆ ಸಾಹೇಬರು ಪಂಪ್‌ಹೌಸಿಗೆ ಬಂದು ನನ್ನ ಪಕ್ಕ ನಿಂತರು. "ಎಲ್ಲ ಪಂಪಿನ ವೇಗ ಇಳಿಸು," ಎಂದರು.

"ಎಷ್ಟು ಸರ್?"

"ಅರ್ಧಕ್ಕಿಂತ ಕೆಳಗೆ. ಕಲ್ಲು ನೀರು ಕುಡೀಲಿ. ಕುಡೀಲಿಕ್ಕೆ ಟೈಮ್ ಬೇಕು."

ಹಾಗೆ ಮಾಡಿದರೆ ಕೆಲವು ತಿಂಗಳು ನೀರೂ ಕಡಿಮೆ, ತೈಲವೂ ಕಡಿಮೆ. ಹೆಡ್ಡಾಫೀಸಿನ ಗೆರೆ ನೆಲ ಕಚ್ಚುತ್ತದೆ. ಆದೇಶ ಎಲ್ಲಿದೆ ಎಂದು ಕೇಳಿದೆ. ಅವರು ಬಿಳಿ ಪೇಂಟು ತರಿಸಿ, ಪಂಪಿನ ಮೇಲಿದ್ದ ತಮ್ಮ ಹೆಸರಿನ ಕೆಳಗೆ, 'ಇವರ ಅಪ್ಪಣೆಯ ಮೇರೆಗೆ ಇಳಿಸಲಾಗಿದೆ' ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿದರು. ನಮ್ಮನ್ನು ಉಳಿಸಲು ಬರೆಸಿದರೋ, ಮುಂದೆ ತೈಲ ಬಂದಾಗ ಯಾರೂ ಪಾಲು ಕೇಳದಿರಲಿ ಎಂದು ಬರೆಸಿದರೋ, ನಾನು ಖಚಿತವಾಗಿ ಹೇಳಲಾರೆ. ಎರಡೂ ಇದ್ದೀತು.

ಬಾವಿಗಳಿಗೆ ಕಂಪನಿಯವರು ನಂಬರು ಕೊಟ್ಟಿದ್ದರೆ ನಾವು ಹೆಸರು ಕೊಟ್ಟಿದ್ದೆವು. ಎಲ್ಲಕ್ಕಿಂತ ಹಳೆಯದು, ಈಗಲೂ ದಿನಾ ಇಷ್ಟಿಷ್ಟು ಕೊಡುವುದು 'ಅಜ್ಜಿ'. ಮೂಲೆಯಲ್ಲಿ ಕೂತು ಖರ್ಚು ಮಾತ್ರ ಮಾಡಿಸುತ್ತ, ಕೊಡುವ ಮಾತೇ ಇಲ್ಲದ್ದು 'ಭಾವ'. ಸಾಹೇಬರು ಭವಿಷ್ಯ ನುಡಿದರು: ತೈಲ ಏರುವುದು ಅಜ್ಜಿಯಲ್ಲಿ. ಯಾಕೆ ಎಂಬುದಕ್ಕೆ ಕಲ್ಲಿನ ಬಿರುಕು, ಇಳಿಜಾರು ಎಂದು ಒಂದು ಗಂಟೆ ವಿವರಿಸಿದರು. ನಾವೆಲ್ಲ ಅಜ್ಜಿಯ ಮುಖ ನೋಡುತ್ತಾ ಕಾದೆವು.

ತೈಲ ಬರುವ ಮೊದಲು ವೈಸ್ ಪ್ರೆಸಿಡೆಂಟರು ಬಂದರು. ಈ ಸಲ ಊಟ ಮಾಡಲಿಲ್ಲ. ಸಾಹೇಬರಿಗೆ ಒಂದು ಶಾಲು, ಒಂದು ಹೂಗುಚ್ಛ, ಸ್ವಯಂನಿವೃತ್ತಿಯ ಪತ್ರ ಕೊಟ್ಟರು. ಸ್ವಯಂ ಎಂಬುದನ್ನು ಅವರೇ ಟೈಪು ಮಾಡಿಸಿ ತಂದಿದ್ದರು. ಸಾಹೇಬರು ಅಂದು ಕ್ಯಾಂಟೀನಿನಲ್ಲಿ ಎಂದಿನಂತೆ ಸಾವಕಾಶವಾಗಿ ಊಟ ಮಾಡಿ, ಉಪ್ಪಿನಕಾಯಿ ಭರಣಿ ಕಂಕುಳಲ್ಲಿಟ್ಟುಕೊಂಡು ವಿಮಾನ ಹತ್ತಿದರು. ಹಿಂದೆ ಉಳಿದ ನಮಗೆ ಊಟ ಸೇರಲಿಲ್ಲ.

ಅವರ ಜಾಗಕ್ಕೆ ಹೊಸ ಸಾಹೇಬ ಬಂದ. ಚುರುಕು ಹುಡುಗ, ಕೆಟ್ಟವನಲ್ಲ. ಬಂದವನು ಮೊದಲು ಮಾಡಿದ ಕೆಲಸ ಪಂಪಿನ ಮೇಲಿನ ಬರಹವನ್ನು ಅಳಿಸಿದ್ದು. ಎರಡನೆಯದು, ಪಂಪಿನ ವೇಗ ಹೆಚ್ಚಿಸಬೇಕೆ ಎಂದು ತೀರ್ಮಾನಿಸಲು ಸಮಿತಿ ಮಾಡಿದ್ದು. ನಮ್ಮ ಪುಣ್ಯ ಅಲ್ಲಿತ್ತು. ಸಮಿತಿಯ ಮೊದಲ ಸಭೆಯಲ್ಲಿ ಸಮಿತಿಯ ಹೆಸರು ತೀರ್ಮಾನವಾಯಿತು. ಎರಡನೆಯದರಲ್ಲಿ ಆ ಹೆಸರು ಬದಲಾಯಿತು. ಆಮೇಲೆ ಒಬ್ಬರ ರಜೆ, ಇನ್ನೊಬ್ಬರ ವರ್ಗ, ಲಂಡನ್ನಿನ ತಜ್ಞರ ಹಲ್ಲುನೋವು. ಅಷ್ಟೂ ತಿಂಗಳು ಪಂಪು ಸಾಹೇಬರು ಇಟ್ಟಲ್ಲೇ ಇತ್ತು. ಕಲ್ಲು ನೆಮ್ಮದಿಯಿಂದ ನೀರು ಕುಡಿಯಿತು. ಸಾಹೇಬರು ಒಬ್ಬರೇ ಕೂಗಿಕೊಂಡು ಮಾಡಿಸಲಾಗದ ಸಾವಕಾಶವನ್ನು ಸಮಿತಿ ಸದ್ದಿಲ್ಲದೆ ಮಾಡಿತು.

ತೈಲ ಏರಿತು. ಪಂಪ್‌ಹೌಸಿನಲ್ಲಿ ನಾವು ಒಬ್ಬರನ್ನೊಬ್ಬರು ತಬ್ಬಿಕೊಂಡೆವು. ಇಕ್ಬಾಲ್ ಭಾಯಿ ಅತ್ತೇ ಬಿಟ್ಟರು. ಹೊಸ ಸಾಹೇಬನಿಗೆ ದೊಡ್ಡ ಹೋಟೆಲಿನಲ್ಲಿ ಸನ್ಮಾನವಾಯಿತು. ಗಾಜಿನದೊಂದು ತೈಲದ ಹನಿ ಕೊಟ್ಟರು. ಅದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ಇದು ಇಡೀ ತಂಡದ ಸಾಧನೆ ಎಂದ. ಇಡೀ ತಂಡ ಹೊರಗೆ ಬಸ್ಸಿನಲ್ಲಿ ಕಾಯುತ್ತಿತ್ತು. ಅದೇ ಉತ್ಸಾಹದಲ್ಲಿ, ಬರುವ ತಿಂಗಳಿಂದ ಪೂರ್ವದ ಕಡೆಯ ಪಂಪನ್ನು ಜೋರು ಮಾಡಿ ಇನ್ನೂ ತೈಲ ತೆಗೆಯುತ್ತೇನೆ ಎಂದೂ ಘೋಷಿಸಿದ.

ಅದಾದ ವಾರದಲ್ಲೇ ಸಣ್ಣ ರಜೆಗೆ ಬಂದ ನಾನು ಸೀದಾ ಹಳದೀಪುರಕ್ಕೆ ಹೋದೆ. ಸಾಹೇಬರು ಹೆದ್ದಾರಿಯ ಬದಿಯಲ್ಲಿ ಹೊಸ ಮನೆ ಕಟ್ಟಿಸಿಕೊಂಡಿದ್ದರು. ಗೇಟಿನ ಮೇಲೆ ಹೆಸರು ಎಷ್ಟು ದೊಡ್ಡದಾಗಿತ್ತೆಂದರೆ ಕಂಡಕ್ಟರುಗಳು ಅದನ್ನೇ ಸ್ಟಾಪಿನ ಹೆಸರು ಮಾಡಿಕೊಂಡಿದ್ದರು. ಸನ್ಮಾನದ ಸುದ್ದಿ ಹೇಳಿದರೆ ರಂಪವೇ ಆಗುತ್ತದೆಂದು ಹೆದರಿ, ಮೊದಲು ತೈಲ ಏರಿದ್ದನ್ನಷ್ಟೇ ಹೇಳಿದೆ.

"ಗೊತ್ತಿತ್ತು," ಎಂದರು, ಎದೆ ಮುಂದೆ ಮಾಡಿ. "ಅಜ್ಜಿ ಕೊಟ್ಳು. ಹೌದಾ ಅಲ್ವಾ?"

"ಅಜ್ಜಿ ಅಲ್ಲ ಸರ್. ಭಾವ."

"ಎಂತ?"

"ಭಾವನಲ್ಲೇ ಬಂದದ್ದು. ಅಜ್ಜಿ ಇದ್ದ ಹಾಗೇ ಇದೆ."

ಅವರ ಮುಖದ ಬಣ್ಣ ಹೋಯಿತು. ಗಾಜಿನ ಹನಿಯ ಕತೆ, ಭಾಷಣದ ಕತೆ ಎಲ್ಲ ಹೇಳಿದೆ. ಒಂದೂ ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಪೂರ್ವದ ಪಂಪು ಜೋರು ಮಾಡುತ್ತಾರಂತೆ ಎಂದಾಗ ಮಾತ್ರ ಒಮ್ಮೆ ತಲೆ ಎತ್ತಿದರು. ಒಳಗಿಂದ ಅವರ ಹೆಂಡತಿ ಕರೆದರು, "ಊಟಕ್ಕೆ ಬತ್ರಾ? ಅನ್ನ ಆರ್ತಾ ಇದ್ದು."

"ಯನಗೆ ಬ್ಯಾಡ. ಹಸಿವಿಲ್ಲೆ."

ಆ ತಾಯಿ ಬಾಗಿಲಿಗೆ ಬಂದು ನನ್ನನ್ನೇ ದುರುಗುಟ್ಟಿ ನೋಡಿದರು. "ಎಂತ ಹೇಳಿದ್ಯೋ ತಮ್ಮ? ಕೆಲಸ ಹೋಗಿ ಬಂದ ದಿನವೂ ಇವರು ಊಟ ಬಿಟ್ಟವರಲ್ಲ."

ಅಕ್ಕಾ, ಬಾವಿ ತಪ್ಪಿತು ಎಂದೆ. ಅವರಿಗೆ ಅರ್ಥವಾಯಿತು ಎಂದು ತೋರುತ್ತದೆ, ಮತ್ತೆ ಕೇಳಲಿಲ್ಲ. ಸಾಹೇಬರ ಪಾಲಿನ ಊಟವನ್ನು ನನಗೇ ಬಡಿಸಿದರು.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಅವರು ಅಘನಾಶಿನಿಯ ನಮ್ಮ ಮನೆಯ ಅಂಗಳದಲ್ಲಿ ನಿಂತಿದ್ದರು. ಕುಮಟಾದಲ್ಲಿ ಬಸ್ಸು ಬದಲಿಸಿ, ಉಳಿದ ದಾರಿ ನಡೆದು ಬಂದಿದ್ದರು. ಅಂಗಿಯ ಗುಂಡಿ ಒಂದಕ್ಕೊಂದು ತಪ್ಪಿತ್ತು. ಅವರು ಎಲ್ಲಿಗಾದರೂ ಅವಸರದಿಂದ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅವ್ವ ಚಹಾ ತಂದಳು. ಅದು ಆರುವ ತನಕ ಮುಟ್ಟಲಿಲ್ಲ.

"ನಂದು ತಪ್ಪಾಯ್ತು," ಎಂದರು. ಈ ಮಾತನ್ನೂ ಮೊದಲ ಸಲ ಕೇಳಿದೆ. "ಬಿರುಕು ಅಜ್ಜಿ ಕಡೆ ಹೋಗ್ತದೆ ಅಂದ್ಕಂಡಿದ್ದೆ. ಇಲ್ಲ. ಪೂರ್ವದ ಪಂಪಿಂದ ಸೀದಾ ಭಾವನ ಕಡೆ ಹೋಗ್ತದೆ. ನಿಧಾನ ಇಟ್ಟದ್ದಕ್ಕೆ ಎಣ್ಣೆ ಬಂತು. ಈಗ ಅವ ಅದನ್ನೇ ಜೋರು ಮಾಡ್ತೆ ಅಂತಾನಲ್ಲ, ನೀರು ಆ ಬಿರುಕಲ್ಲಿ ಓಡಿ ಭಾವನನ್ನ ಮುಳುಗಿಸ್ತದೆ. ಭಾವ ಹೋದ್ರೆ ಫೀಲ್ಡೂ ಹೋತು. ನೀವೆಲ್ಲ ಮನೆಗೆ. ಪೂರ್ವದ್ದು ಇನ್ನೂ ಇಳಿಸ್ಬೇಕು, ಉಳಿದದ್ರಲ್ಲಿ ಹಂಚ್ಬೇಕು. ಹೋಗಿ ಹೇಳು ಅವನಿಗೆ."

"ನೀವು ಹೇಳಿದ್ರಿ ಅಂದ್ರೆ ಅವ್ರು ಕೇಳೂದಿಲ್ಲ ಸರ್. ನಿಮ್ಮ ಹೆಸರು ತೆಗೆದ್ರೇ ಅಲ್ಲಿ ಎಲ್ಲರ ಮುಖ ಸಿಂಡರಿಸ್ತದೆ. ಬೇಕಂತ್ಲೇ ಉಲ್ಟಾ ಮಾಡ್ತಾರೆ."

"ನೀ ಹೇಳಿದ್ದು ಅನ್ನು."

"ನಾನು ಪಂಪ್ ಆಪರೇಟರು. ನಂಗೆ ನಾಳೆಯೇ ಊರಿನ ಟಿಕೆಟ್ ಕೊಡ್ತಾರೆ."

ಅವರು ಹೊಳೆಯ ಕಡೆ ನೋಡುತ್ತಾ ಕೂತರು. ತಂಗಿ ಬುಟ್ಟಿ ಹಿಡಿದು ಹೊರಗೆ ಹೋದಳು. ಮದುವೆಯ ದಿನ ಗೊತ್ತಾಯಿತಾ ಎಂದು ಕೇಳಿದರು. ಆಯಿತು ಎಂದೆ. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಕಪ್ಪು ಕೆಳಗಿಟ್ಟರು.

"ಹಾಗಾದ್ರೆ ಅವನಿಗೇ ಹೊಳೀಲಿ," ಎಂದರು ಕೊನೆಗೆ. "ನೀ ದಡ್ಡನ ಹಾಗೆ ಒಂದು ಪ್ರಶ್ನೆ ಕೇಳು. ಸರ್, ಪೂರ್ವದ ಪಂಪು ಇಳಿಸಿದಾಗ್ಲೇ ಆ ಮೂಲೆ ಬಾವಿ ಬದುಕ್ತಲ್ಲ, ಎಂತಕ್ಕೆ? ಅಷ್ಟೇ. ಹುಡುಗ ದಡ್ಡ ಅಲ್ಲ. ಉತ್ತರ ಅವನೇ ಹೇಳ್ತಾನೆ. ಅವ ಹೇಳಿದ ಮೇಲೆ ನೀ ಆಶ್ಚರ್ಯಪಡ್ಬೇಕು. ಸರಿಯಾಗಿ ಪಡು, ನಗಬೇಡ."

"ಮತ್ತೆ ನಿಮ್ಮ ಹೆಸರು?"

"ಹೆಸರು ಎಂತಕ್ಕೆ ಮಾರಾಯ, ಪಂಪಿಗೆ?" ಎಂದರು. ಆದರೆ ಅಂಗಳ ದಾಟುವಾಗ ನನ್ನ ಕಡೆ ತಿರುಗಿ ನೋಡಲಿಲ್ಲ. ಬೇಸರವಾಗಿತ್ತು, ಬಹಳ ಬೇಸರವಾಗಿತ್ತು. ಅದನ್ನು ನಾನು ಮುಚ್ಚಿಟ್ಟು ಅವರನ್ನು ದೇವರು ಮಾಡುವುದಿಲ್ಲ. ಅಂದು ನನಗೆ ಅವರ ಕಾಲು ಹಿಡಿಯಬೇಕೆನಿಸಿತ್ತು, ಹಿಡಿಯಲಿಲ್ಲ, ಹಿಡಿದಿದ್ದರೆ ಇನ್ನಷ್ಟು ಕಷ್ಟಪಡುತ್ತಿದ್ದರು.

ವಾಪಸ್ಸು ಹೋದ ಮೇಲೆ ಪ್ರಶ್ನೆ ಕೇಳಿದೆ. ಹೊಸ ಸಾಹೇಬ ಮೊದಲು ನನ್ನನ್ನು ಬೈದ. ಎರಡು ದಿನ ಲ್ಯಾಪ್‌ಟಾಪಿನ ಮುಂದೆ ತಲೆ ತುರಿಸಿಕೊಂಡ. ಮೂರನೆಯ ದಿನ ಎಲ್ಲರನ್ನೂ ಸೇರಿಸಿ, ನಿನ್ನೆ ಸ್ನಾನ ಮಾಡುವಾಗ ತನಗೊಂದು ವಿಚಾರ ಹೊಳೆಯಿತು ಎಂದ. ಪೂರ್ವದ ಪಂಪು ಇಳಿಸಬೇಕು, ನೀರನ್ನು ಉಳಿದ ಪಂಪುಗಳಿಗೆ ಹಂಚಬೇಕು. ಬೋರ್ಡಿನ ಮೇಲೆ ಚಿತ್ರ ಬಿಡಿಸಿ ವಿವರಿಸಿದ, ಚೆನ್ನಾಗಿಯೇ ವಿವರಿಸಿದ. ನಮ್ಮ ಸಾಹೇಬರು ಹೇಳಿಕೊಟ್ಟಂತೆ ನಾನು ಆಶ್ಚರ್ಯಪಟ್ಟೆ. ಏನೂ ಗೊತ್ತಿಲ್ಲದ ಇಕ್ಬಾಲ್ ಭಾಯಿ ನಿಜವಾಗಿಯೇ ಚಪ್ಪಾಳೆ ಹೊಡೆದರು. ಅದೇ ಸಂಜೆ ಪಂಪು ಇಳಿಸಿದೆವು. ಭಾವ ಈಗಲೂ ಕೊಡುತ್ತಿದ್ದಾನೆ. ತಂಗಿಯ ಮದುವೆ ಆಯಿತು.

ಪಂಪು ಇಳಿಸಿದವನೇ ಹೊರಗೆ ಬಂದು ಹಳದೀಪುರಕ್ಕೆ ಫೋನು ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದರು. ನಮಸ್ಕಾರವನ್ನೂ ಹೇಳಗೊಡಲಿಲ್ಲ.

"ಹೊಳೀತಾ ಅವನಿಗೆ?"

"ಹೊಳೀತು ಸರ್. ಎಲ್ಲ ನೀವು ಹೇಳಿದ ಹಾಗೇ ಹೇಳಿದ್ರು."

ಆ ಕಡೆ ಹೆದ್ದಾರಿಯಲ್ಲಿ ಬಸ್ಸೊಂದು ಹಾರ್ನು ಹೊಡೆದು ಹೋಯಿತು.

"ಆತು," ಎಂದರು ಆಮೇಲೆ. "ಹುಡುಗ ಹುಷಾರಿದ್ದಾನೆ."